ಕಾಫಿ ಪುಡಿ ಮಾರೋಕೆ 75 ಸಾವಿರದ ವಿಡಿಯೊ ಬೇಕಾ?

ಪ್ರಶ್ನೆ: ಕೊಡಗಿನ ಸುಂಟಿಕೊಪ್ಪದ ಹತ್ತಿರ ನಮ್ಮದು ಚಿಕ್ಕ ರೋಬಸ್ಟಾ ಕಾಫಿ ತೋಟ. ಈಗ ನಾವೇ ಹುರಿದು ಪುಡಿ ಮಾಡಿ ಮಾರುತ್ತಿದ್ದೇವೆ. ಗಿರಾಕಿಗಳು ಹೆಚ್ಚಾಗಿ ಬೆಂಗಳೂರು, ಮೈಸೂರಿನವರು. ವಾಟ್ಸಾಪ್‌ನಲ್ಲಿ ಆರ್ಡರ್ ಬರುತ್ತೆ, ಕೊರಿಯರ್‌ನಲ್ಲಿ ಕಳಿಸುತ್ತೇವೆ. ಒಂದು ವಿಡಿಯೊ ತಂಡದವರು ಡ್ರೋನ್ ಸಮೇತ ಮೂರು ನಿಮಿಷದ ಫಿಲ್ಮ್ ಮಾಡಿಕೊಡಲು 75 ಸಾವಿರ ರೂಪಾಯಿ ಕೇಳಿದ್ದಾರೆ. ಮಗ ಮಾತ್ರ ‘ಫೋನಲ್ಲೇ ಆಗುತ್ತೆ, ಸುಮ್ನೆ ದುಡ್ಡು ಹಾಳು’ ಅನ್ನುತ್ತಾನೆ. ಏನು ಮಾಡಲಿ?

ಉತ್ತರ: ತಂಡದವರಿಗೆ ಉತ್ತರ ಕೊಡುವ ಮುಂಚೆ ನಿಮ್ಮ ವಾಟ್ಸಾಪ್ ತೆಗೆದು ನೋಡಿ. ಹೊಸ ಗಿರಾಕಿಗಳು ಮೊದಲ ಆರ್ಡರ್‌ಗೆ ಮುಂಚೆ ಏನೇನು ಕೇಳಿದ್ದಾರೆ? ‘ಚಿಕೋರಿ ಎಷ್ಟಿದೆ?’ ‘ಹುರಿದು ಎಷ್ಟು ದಿನ ಆಯ್ತು?’ ‘ರೋಬಸ್ಟಾ ಅಂದ್ರೆ ಕಹಿ ಜಾಸ್ತಿ ಅಲ್ವಾ?’ ಹೆಚ್ಚುಕಮ್ಮಿ ಇಂಥವೇ ಇರುತ್ತವೆ. ಆ ಮೂರು ನಿಮಿಷದ ಫಿಲ್ಮ್‌ನಲ್ಲಿ ಇದಕ್ಕೆಲ್ಲ ಉತ್ತರ ಇರುತ್ತಾ ಅಂತ ಕೇಳಿ. ಮಂಜು, ಬೆಟ್ಟ, ಮೇಲಿಂದ ತೋಟ, ಹಿನ್ನೆಲೆಯಲ್ಲಿ ಕೊಳಲು, ಕೊನೆಗೆ ಪ್ಯಾಕೆಟ್. ನೋಡೋಕೆ ಚೆನ್ನಾಗೇ ಇರುತ್ತೆ. ಆದರೆ ಕೊನೆಯಲ್ಲಿ ನಿಮ್ಮ ಪ್ಯಾಕೆಟ್ ತೆಗೆದು ಪಕ್ಕದ ತೋಟದವರದ್ದು ಇಟ್ಟರೂ ನಡೆಯುತ್ತೆ. ಕೊಡಗಿನಲ್ಲಿ ಮಂಜು ಯಾರ ಹತ್ತಿರ ಇಲ್ಲ ಹೇಳಿ!

ಲೆಕ್ಕವನ್ನೂ ನೋಡಿ. ಒಂದು ಕಿಲೋ ಪುಡಿಯಲ್ಲಿ ನಿಮಗೆ 150 ರೂಪಾಯಿ ಉಳಿಯುತ್ತೆ ಅಂತ ಇಟ್ಟುಕೊಂಡರೆ, 75 ಸಾವಿರ ವಾಪಸ್ ಬರೋಕೆ 500 ಕಿಲೋ ಹೆಚ್ಚಿಗೆ ಹೋಗಬೇಕು. ಹೇಳಿದ ರೇಟಿನಲ್ಲಿ ಜಿಎಸ್‌ಟಿ ಸೇರಿದೆಯಾ ಅಂತಲೂ ಕೇಳಿ. ಸೇರಿಲ್ಲದಿದ್ದರೆ 18% ಮೇಲೆ ಬೀಳುತ್ತೆ.

ಹಾಗಂತ ಮಗನ ಮಾತನ್ನೂ ಪೂರ್ತಿ ಒಪ್ಪುವುದಿಲ್ಲ. ಫೋನಿನ ಕ್ಯಾಮೆರಾ ಈಗ ಚೆನ್ನಾಗಿಯೇ ಇದೆ. ಎಡವಟ್ಟಾಗುವುದು ಬೆಳಕಿನಲ್ಲಿ, ಅದಕ್ಕಿಂತ ಜಾಸ್ತಿ ಸದ್ದಿನಲ್ಲಿ. ಬಿಸಿಲೇರಿದ ಮೇಲೆ ತೋಟದೊಳಗೆ ನಿಂತರೆ ಸಿಲ್ವರ್ ಓಕ್ ಎಲೆಗಳ ಸಂದಿಯಿಂದ ಬಿಸಿಲು ಚುಕ್ಕೆ ಚುಕ್ಕೆಯಾಗಿ ಮುಖದ ಮೇಲೆ ಬೀಳುತ್ತೆ. ಮೂಗು ಬೆಳ್ಳಗೆ, ಕಣ್ಣು ಕಪ್ಪಗೆ. ಹುರಿಯುವ ಕೋಣೆಗೆ ಹೋದರೆ ಶೀಟಿನ ಮಾಡಿನ ಕೆಳಗೆ ಮೋಟಾರಿನ ಸದ್ದು. ಫೋನ್ ನಾಲ್ಕು ಹೆಜ್ಜೆ ದೂರ ಇದ್ದರೆ ನಿಮ್ಮ ಮಾತು ಏನೂ ಕೇಳುವುದಿಲ್ಲ. ಚಿತ್ರ ಸ್ವಲ್ಪ ಮಸುಕಾಗಿದ್ದರೂ ಜನ ನೋಡುತ್ತಾರೆ, ಮಾತು ಕೇಳಿಸದಿದ್ದರೆ ತಕ್ಷಣ ಮುಂದೆ ಹೋಗುತ್ತಾರೆ. ದುಡ್ಡು ಕೊಡುವುದಾದರೆ ಇದಕ್ಕೆ ಕೊಡಿ: ಕಾಲರ್ ಮೈಕ್, ಬೆಳಕು, ಒಳ್ಳೆ ಎಡಿಟಿಂಗ್.

ತಂಡದವರಿಗೆ ಹೀಗೆ ಹೇಳಿ. ಡ್ರೋನ್ ಬೇಡ, ಮೂರು ನಿಮಿಷದ ಫಿಲ್ಮೂ ಬೇಡ. ಒಂದು ದಿನದ ಶೂಟಿಂಗ್‌ನಲ್ಲಿ ಅರ್ಧ ನಿಮಿಷದ, ಮುಕ್ಕಾಲು ನಿಮಿಷದ ಎಂಟ್ಹತ್ತು ತುಣುಕು ಬೇಕು. ಒಂದೊಂದರಲ್ಲಿ ಗಿರಾಕಿಯ ಒಂದೊಂದು ಪ್ರಶ್ನೆಗೆ ನೀವೇ ಉತ್ತರ ಹೇಳುತ್ತೀರಿ. ರೀಲ್ಸ್ ಮತ್ತು ಸ್ಟೇಟಸ್‌ಗೆ ಫೋನ್ ನೆಟ್ಟಗೆ ಹಿಡಿದು ನೋಡುವ ಅಳತೆಯಲ್ಲಿರಲಿ. ಗೂಗಲ್ ಮ್ಯಾಪ್‌ನ ನಿಮ್ಮ ಅಂಗಡಿ ಪುಟಕ್ಕೆ ಒಂದು ಬೇರೆ ಮಾಡಿಸಿ, ಅಲ್ಲಿ 30 ಸೆಕೆಂಡ್ ಮೀರುವಂತಿಲ್ಲ. ಮಾತು ಪರದೆಯ ಮೇಲೂ ಬರಲಿ, ಆಫೀಸಿನಲ್ಲಿ, ಬಸ್ಸಿನಲ್ಲಿ ತುಂಬಾ ಜನ ಸೌಂಡ್ ಆಫ್ ಮಾಡಿಕೊಂಡೇ ನೋಡುತ್ತಾರೆ.

ಉದಾಹರಣೆಗೆ ಆ ಕಹಿಯ ಪ್ರಶ್ನೆಯನ್ನೇ ತಗೊಳ್ಳಿ. ಹಸಿರು ಬೀಜ ಹಳದಿಗೆ ತಿರುಗಿ, ಕಂದು ಬಣ್ಣಕ್ಕೆ ಬಂದು, ಚಟಚಟ ಸಿಡಿಯೋಕೆ ಶುರುವಾಗುತ್ತಲ್ಲ, ಆ ಸದ್ದಿಗೆ ಮೈಕ್ ಹತ್ತಿರ ಇಡಿಸಿ. ‘ಇನ್ನೂ ಬಿಟ್ಟರೆ ಕಪ್ಪಾಗುತ್ತೆ, ಕಹಿ ಏರುತ್ತೆ. ನಾವು ಇಲ್ಲಿಗೇ ತೆಗೆಯುತ್ತೇವೆ’ ಅಂತ ಹೇಳುತ್ತಾ ಬೀಜ ಹೊರಗೆ ಸುರಿಯಿರಿ. ಆಮೇಲೆ ಫಿಲ್ಟರ್‌ನಿಂದ ಡಿಕಾಕ್ಷನ್ ಇಳಿಯುವುದನ್ನು ತೋರಿಸಿ. ಅಷ್ಟೇ ಸಾಕು. ಬರೆದುಕೊಟ್ಟ ಡೈಲಾಗ್ ಹೇಳಬೇಡಿ. ಮನೆಗೆ ಬಂದ ನೆಂಟರಿಗೆ ಹೇಳಿದ ಹಾಗೆ ಹೇಳಿ.

ಇನ್ನು ದಿನ ಗೊತ್ತು ಮಾಡುವ ವಿಷಯ. ಪೇಟೆಯ ತಂಡದವರಿಗೆ ಇದು ಅರ್ಥವಾಗುವುದು ಕಷ್ಟ, ನೀವೇ ಹೇಳಬೇಕು. ನಿಮ್ಮ ರೋಬಸ್ಟಾ ಕುಯ್ಲು ಜೋರಾಗಿರುವುದು ಜನವರಿ ಆಸುಪಾಸಿನಲ್ಲಿ. ಆಗ ಗಿಡದಲ್ಲಿ ಹಣ್ಣು ಇರುತ್ತೆ, ಕಣದಲ್ಲಿ ಒಣಗುತ್ತಿರುತ್ತೆ, ಆಕಾಶ ತಿಳಿಯಾಗಿರುತ್ತೆ. ಮೂರೂ ಒಂದೇ ದಿನ ಸಿಗುತ್ತೆ. ಬೆಳಿಗ್ಗೆ ಒಂಬತ್ತರೊಳಗೆ ಗಿಡದ ಹತ್ತಿರ, ಬಿಸಿಲೇರಿದ ಮೇಲೆ ಒಳಗೆ ಹುರಿಯುವುದು, ನಾಲ್ಕರ ಮೇಲೆ ಕಣ. ಕುಯ್ಯುವವರಿಗೆ ಕಿಲೋ ಲೆಕ್ಕದಲ್ಲಿ ಕೂಲಿ ಕೊಡುವುದಾದರೆ, ‘ಇನ್ನೊಂದು ಸಲ ಮಾಡಿ ಅಕ್ಕ’ ಅಂತ ಕ್ಯಾಮೆರಾದವರು ನಿಲ್ಲಿಸಿದಷ್ಟೂ ಅವರ ಕೂಲಿ ಹೋಗುತ್ತೆ. ವಿಡಿಯೊದಲ್ಲಿ ಬರೋಕೆ ಒಪ್ಪಿಗೆನಾ ಅಂತ ಮೊದಲೇ ಕೇಳಿ, ಆ ದಿನಕ್ಕೆ ದಿನಗೂಲಿ ಕೊಟ್ಟುಬಿಡಿ.

ಕಾಫಿ ಹೂವಿಗೆ ಮಾತ್ರ ಯಾವ ತಂಡವನ್ನೂ ಬುಕ್ ಮಾಡೋಕೆ ಹೋಗಬೇಡಿ. ಹೂಮಳೆ, ಅಂದರೆ ಕಾಫಿ ಹೂವು ಅರಳಿಸುವ ಮಳೆ, ಬಿದ್ದು ಎಂಟ್ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತೆ, ಎರಡು ಮೂರು ದಿನಕ್ಕೆ ಹೂವು ಬಾಡುತ್ತೆ. ಅಷ್ಟರಲ್ಲಿ ಅವರು ಯಾವುದೋ ಮದುವೆ ಶೂಟಿಂಗ್‌ನಲ್ಲಿರುತ್ತಾರೆ. ಅದು ಮಗನ ಕೆಲಸ. ಬೆಳಿಗ್ಗೆ ಬೇಗ ಎದ್ದು ಫೋನಲ್ಲಿ ತೆಗೆಯಲಿ, ಅಲ್ಲಿ ಮಾತಾಡುವ ಅಗತ್ಯವೂ ಇಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಹೊರಗಿನ ಶೂಟಿಂಗ್ ಇಟ್ಟುಕೊಳ್ಳಬೇಡಿ. ಅಡ್ವಾನ್ಸ್ ಕೊಟ್ಟು ಮಳೆ ನೋಡುತ್ತಾ ಕೂರಬೇಕಾಗುತ್ತೆ.

ಸ್ಕ್ರಿಪ್ಟ್ ಬರೆಯುವವರ ಮೇಲೆ ಒಂದು ಕಣ್ಣಿಡಿ. ‘ಕೂರ್ಗ್ ಅರೇಬಿಕಾ’ ಕಾಫಿಗೆ 2019ರಲ್ಲಿ ಜಿಐ ಮಾನ್ಯತೆ, ಅಂದರೆ ಆ ಜಾಗದ್ದೇ ಬೆಳೆ ಅನ್ನುವ ಸರ್ಕಾರದ ಗುರುತು, ಸಿಕ್ಕಿದೆ. ಕೇಳೋಕೆ ಚೆಂದ ಅಂತ ಅದನ್ನು ನಿಮ್ಮ ವಿಡಿಯೊಗೂ ತುರುಕುತ್ತಾರೆ. ನಿಮ್ಮದು ರೋಬಸ್ಟಾ, ಒಪ್ಪಬೇಡಿ. ಚಿಕೋರಿ ಬೆರೆಸಿದ ಪುಡಿಯನ್ನು ‘ಶುದ್ಧ ಕಾಫಿ’ ಅಂತಲೂ ಹೇಳಿಸಬೇಡಿ. ಬೆರೆಸಿದ್ದರೆ ಎಷ್ಟು ಅಂತ ಪ್ಯಾಕೆಟ್ ಮೇಲೆ ಹಾಕಲೇಬೇಕು. ವಿಡಿಯೊದಲ್ಲಿ ಒಂದು, ಪ್ಯಾಕೆಟ್‌ನಲ್ಲಿ ಇನ್ನೊಂದು ಇದ್ದರೆ ಗಿರಾಕಿ ಹೋಗುತ್ತಾರೆ, ನೋಟಿಸ್ ಬರುತ್ತೆ.

ಒಪ್ಪಂದವನ್ನು ಬರವಣಿಗೆಯಲ್ಲೇ ಮಾಡಿಕೊಳ್ಳಿ. 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ದುಡ್ಡು ಕೊಟ್ಟು ಮಾಡಿಸಿದ ಫಿಲ್ಮ್‌ಗೆ ಮಾಡಿಸಿದವರೇ ಮೊದಲ ಒಡೆಯರು. ಆದರೆ ಒಪ್ಪಂದದಲ್ಲಿ ಬೇರೆ ಥರ ಬರೆದಿದ್ದರೆ ಅದೇ ನಡೆಯುತ್ತೆ. ಸಣ್ಣ ಅಕ್ಷರದಲ್ಲಿ ‘ಹಕ್ಕು ಸ್ಟುಡಿಯೊದ್ದು’ ಅಂತ ಇದೆಯಾ ನೋಡಿ. ಎಡಿಟ್ ಮಾಡದ ಪೂರ್ತಿ ಫೈಲ್‌ಗಳನ್ನೂ ಹಾರ್ಡ್ ಡಿಸ್ಕ್‌ನಲ್ಲಿ ಕೊಡಬೇಕು, ಎರಡು ಸಲ ತಿದ್ದಿಕೊಡಬೇಕು ಅಂತ ಸೇರಿಸಿ. ಮುಂದಿನ ವರ್ಷ ಅದೇ ಫೈಲ್‌ಗಳಿಂದ ಮಗ ಹೊಸ ತುಣುಕು ಮಾಡಬಹುದು.

ಪ್ರಶ್ನೆ: ಕಕ್ಕಬ್ಬೆಯಲ್ಲಿ ಹೋಂಸ್ಟೇ ಇದೆ. ವಿಡಿಯೊಗೆ ಸಿನಿಮಾ ಹಾಡು 30 ಸೆಕೆಂಡ್ ಒಳಗೆ ಹಾಕಿದರೆ ಪರವಾಗಿಲ್ಲ ಅಂತಾರೆ, ನಿಜವಾ? ಡ್ರೋನ್‌ಗೆ ಏನಾದರೂ ಅನುಮತಿ ಬೇಕಾ?

ಉತ್ತರ: 30 ಸೆಕೆಂಡ್‌ನ ಕಥೆ ಸುಳ್ಳು, ಕಾನೂನಿನಲ್ಲಿ ಅಂಥ ರಿಯಾಯಿತಿ ಇಲ್ಲ. ವ್ಯಾಪಾರದ ವಿಡಿಯೊಗೆ ಹಾಡಿನ ಹಕ್ಕುದಾರರ ಅನುಮತಿ ಬೇಕು. ಯೂಟ್ಯೂಬ್‌ನ ಆಡಿಯೊ ಲೈಬ್ರರಿಯಲ್ಲಿ ಬಿಟ್ಟಿ ಸಂಗೀತ ಸಿಗುತ್ತೆ. ನನ್ನ ಕೇಳಿದರೆ ಅದೂ ಬೇಡ, ನಿಮ್ಮ ಮಾಡಿನ ಮೇಲೆ ಬೀಳುವ ಮಳೆಯ ಸದ್ದನ್ನೇ ಹಾಕಿ.

ಡ್ರೋನ್ 250 ಗ್ರಾಂಗಿಂತ ಹೆಚ್ಚು ತೂಕದ್ದಾದರೆ 2021ರ ಡ್ರೋನ್ ನಿಯಮದ ಪ್ರಕಾರ ಅದಕ್ಕೆ ನೋಂದಣಿ ಸಂಖ್ಯೆ ಬೇಕು. ದುಡ್ಡಿಗಾಗಿ ಹಾರಿಸುವವರ ಹತ್ತಿರ ರಿಮೋಟ್ ಪೈಲಟ್ ಸರ್ಟಿಫಿಕೇಟ್ ಇರಬೇಕು. ಎರಡನ್ನೂ ತೋರಿಸಿ ಅಂತ ಕೇಳಿ. ತಲಕಾವೇರಿ, ಪುಷ್ಪಗಿರಿ, ಬ್ರಹ್ಮಗಿರಿ ವನ್ಯಧಾಮಗಳ ಮೇಲೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಹಾರಿಸುವಂತಿಲ್ಲ. ಪಕ್ಕದ ಮನೆಯ ಅಂಗಳದ ಮೇಲೆ ಹಾರಿಸುವ ಮುಂಚೆ ಅವರಿಗೂ ಒಂದು ಮಾತು ಹೇಳಿಬಿಡಿ.