ಮಂಡ್ಯದಲ್ಲಿ ಕೂತು ಕಥೆ ಬರೆಯುತ್ತೇನೆ. ನನ್ನ ಕಥೆಗಳನ್ನು ಎಐ ತರಬೇತಿಗೆ, ಅಂದರೆ ಚಾಟ್‌ಜಿಪಿಟಿಯಂಥದ್ದಕ್ಕೆ ಬರೆಯಲು ಕಲಿಸೋಕೆ, ಬಳಸಿಕೊಂಡು ಬಿಡುತ್ತಾರೆ ಅನ್ನೋ ಭಯಕ್ಕೆ ಪುಸ್ತಕ ತರುವುದನ್ನೇ ಬಿಡಲಾ?

ಬಿಡಬೇಡಿ. ನೀವು ಹೆದರಬೇಕಾದದ್ದು ಎಐಗಿಂತ ಮೊದಲು ಪ್ರಕಾಶಕರು ಮುಂದಿಡುವ ಕರಾರು ಪತ್ರಕ್ಕೆ.

ನನ್ನ ಮೊದಲ ಕಥಾ ಸಂಕಲನ ಮೈಸೂರಿನಲ್ಲೇ ಅಚ್ಚಾಯಿತು, 2016ರಲ್ಲಿ. ಪುಸ್ತಕ ಬರುತ್ತಲ್ಲ ಅನ್ನೋ ಖುಷಿಗೆ ಛಾಪಾ ಕಾಗದ ಓದದೆ ಸಹಿ ಹಾಕಿದೆ. ಸಿಕ್ಕಿದ್ದು ಐದು ಸಾವಿರ ರೂಪಾಯಿ, ಒಂದಿಷ್ಟು ಗೌರವ ಪ್ರತಿ. ಕಾಗದದಲ್ಲಿ ಹೀಗಿತ್ತು: ‘ಕೃತಿಯ ಸಕಲ ಹಕ್ಕುಗಳನ್ನು, ಈಗಿರುವ ಹಾಗೂ ಮುಂದೆ ಬರುವ ಎಲ್ಲ ರೂಪಗಳಲ್ಲಿ, ಕಾಪಿರೈಟ್ ಅವಧಿ ಪೂರ್ತಿ ವಹಿಸಿಕೊಟ್ಟಿದ್ದೇನೆ.’

ಕಾಪಿರೈಟ್ ಅವಧಿ ಅಂದರೆ ನಾನು ಬದುಕಿರುವಷ್ಟು ಕಾಲ, ಸತ್ತ ಮೇಲೆ ಇನ್ನೂ 60 ವರ್ಷ. ಹೊಟ್ಟೆ ಉರಿಯುವುದು ಯಾಕೆ ಗೊತ್ತಾ? ‘ಅವಧಿ ಪೂರ್ತಿ’ ಅನ್ನೋ ಎರಡು ಪದ ಇಲ್ಲದಿದ್ದರೆ ಕಾನೂನೇ ನನ್ನನ್ನು ಕಾಯುತ್ತಿತ್ತು. 1957ರ ಕಾಪಿರೈಟ್ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ, ಕರಾರಿನಲ್ಲಿ ಅವಧಿ ಬರೆಯದಿದ್ದರೆ ಅದು ಐದೇ ವರ್ಷ. 2021ಕ್ಕೆ ಕಥೆಗಳು ನನ್ನ ಕೈಗೆ ವಾಪಸ್ ಬರುತ್ತಿದ್ದವು.

ಆಮೇಲೆ ಆ ಪ್ರಕಾಶಕರು ತಮ್ಮ ಪುಸ್ತಕಗಳ ಡಿಜಿಟಲ್ ಪ್ರತಿಗಳನ್ನು ಎಐ ತರಬೇತಿಗೆ ಅಂತ ಮಾರಿದರು. ಕೇಳಲು ಹೋದರೆ ಡ್ರಾಯರಿನಿಂದ ಅದೇ ಕಾಗದ ತೆಗೆದು, ಆ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದರು. ಕರಾರಾದಾಗ ಬಳಕೆಯಲ್ಲಿಲ್ಲದ ಹೊಸ ಮಾಧ್ಯಮವನ್ನು ಹೆಸರಿಸಿ ಬರೆಯದಿದ್ದರೆ ಅದರ ಹಕ್ಕು ಹೋಗುವುದಿಲ್ಲ ಅಂತ 2012ರ ತಿದ್ದುಪಡಿ ಹೇಳುತ್ತದೆ. ‘ಮುಂದೆ ಬರುವ ಎಲ್ಲ’ ಅಂದರೆ ಹೆಸರಿಸಿದ ಹಾಗಲ್ಲ ಅಂತ ನಮ್ಮ ವಕೀಲರು ವಾದಿಸುತ್ತಾರೆ. ಆದರೆ ಐದು ಸಾವಿರದ ಪುಸ್ತಕಕ್ಕೆ ಕೋರ್ಟು ಅಲೆಯಲು ಯಾರಿಗೆ ಸಾಧ್ಯ ಹೇಳಿ?

ಎಐ ತರಬೇತಿ ಸರಿಯೋ ತಪ್ಪೋ ಅನ್ನೋ ಜಗಳ ಎಎನ್‌ಐ ಸುದ್ದಿಸಂಸ್ಥೆ 2024ರಲ್ಲಿ ಚಾಟ್‌ಜಿಪಿಟಿ ಮಾಡಿದ ಕಂಪನಿ ಓಪನ್‌ಎಐ ಮೇಲೆ ಹಾಕಿದ ಕೇಸಿನಿಂದ ದೆಹಲಿ ಹೈಕೋರ್ಟಿಗೂ ಬಂದಿದೆ. ಅಮೆರಿಕದಲ್ಲಿ ಪುಸ್ತಕಗಳ ಕಳ್ಳ ಪ್ರತಿ ಇಳಿಸಿಕೊಂಡ ಕೇಸಿನಲ್ಲಿ ಆಂಥ್ರೊಪಿಕ್ ಅನ್ನೋ ಎಐ ಕಂಪನಿ 2025ರಲ್ಲಿ 150 ಕೋಟಿ ಡಾಲರ್ ಕೊಡಲು ಒಪ್ಪಿತು, ಪುಸ್ತಕಕ್ಕೆ ಸುಮಾರು 3,000 ಡಾಲರ್. ಅಲ್ಲೂ ಪಾಲು ಕೇಳಲು ಹಕ್ಕು ಕೈಯಲ್ಲಿರಬೇಕು. ನಾಳೆ ಇಲ್ಲಿ ಅಂಥದ್ದೇನಾದರೂ ಬಂದರೆ ನನಗೆ ಬಿಡಿಗಾಸೂ ಇಲ್ಲ.

ಅದಕ್ಕೇ ಹೇಳೋದು, ಹಕ್ಕು ಮಾರಲೇಬೇಡಿ. ಕನ್ನಡದಲ್ಲಿ ಅಚ್ಚು ಹಾಕಲು ಮೂರು ವರ್ಷದ ಅನುಮತಿ ಕೊಡಿ, ಸಾಕು. ‘ಎಐ ತರಬೇತಿಯ ಹಕ್ಕು ಲೇಖಕರದ್ದೇ’ ಅಂತ ಬೇರೆ ಸಾಲಿನಲ್ಲಿ ಬರೆಸಿ. ಒಪ್ಪದಿದ್ದರೆ ಎದ್ದು ಬನ್ನಿ. ಕರಾರು ಈಗಾಗಲೇ ಕೈಗೆ ಬಂದಿದ್ದರೆ ಸಹಿ ಹಾಕುವ ಮುಂಚೆ ಹೆಸರುಗಳನ್ನು ಮುಚ್ಚಿ ಇಲ್ಲೇ ಹಾಕಿ, ಸಾಲು ಸಾಲಾಗಿ ಓದಿ ಹೇಳುತ್ತೇನೆ.