ಕರಾಟೆ ತರಗತಿಯಲ್ಲಿ ಹುಡುಗಿಯರು, ಮಕ್ಕಳೇ ಹೆಚ್ಚಾದರೆ ಬ್ಯಾಚ್ ಬೇರೆ ಮಾಡಬೇಕೆ?

ಖಂಡಿತ ಬೇಡ. ಯುವಕರು ಕಡಿಮೆಯಾಗುತ್ತಿದ್ದಾರೆ, ಗಟ್ಟಿ ಅಭ್ಯಾಸ ಉಳಿಯಬೇಕಾದರೆ ಹೆಣ್ಣುಮಕ್ಕಳಿಗೆ ಬೇರೆ ಬ್ಯಾಚ್ ಮಾಡಲೇ ಎಂದು ಕೇಳಿದ್ದೀರಿ. ದಾವಣಗೆರೆಯಲ್ಲಿ ನಾನು ಅದನ್ನೇ ಮಾಡಿ ಕೈ ಸುಟ್ಟುಕೊಂಡಿದ್ದೇನೆ.

ಅದುವರೆಗೆ ನಮ್ಮಲ್ಲಿಗೆ ಬರುತ್ತಿದ್ದವರು ಕಾಲೇಜು ಹುಡುಗರು, ಪೊಲೀಸ್ ನೇಮಕಾತಿಗೆ ಮೈ ಹುರಿಗೊಳಿಸುತ್ತಿದ್ದವರು. 2012ರ ಡಿಸೆಂಬರ್‌ನ ದೆಹಲಿ ಘಟನೆಯ ನಂತರ ಹೆತ್ತವರು ಹೆಣ್ಣುಮಕ್ಕಳನ್ನು ಕರೆತರತೊಡಗಿದರು. ‘ಸರ್, ಕುಮಿತೆಗೆ (ಎದುರಾಳಿಯೊಂದಿಗಿನ ಕಾದಾಟದ ಅಭ್ಯಾಸಕ್ಕೆ) ಸರಿಜೋಡಿಯೇ ಸಿಗುತ್ತಿಲ್ಲ’ ಎಂದು ಹಿರಿಯ ಹುಡುಗರು ಗೊಣಗಿದರು. ಹುಡುಗಿಯರಿಗೆ ಸಂಜೆ ಐದು, ಹುಡುಗರಿಗೆ ಏಳು ಎಂದು ಸಮಯ ಹಂಚಿದೆ.

ಕಂದು, ಕಪ್ಪು ಬೆಲ್ಟಿನ ಹಿರಿಯರೆಲ್ಲ ಏಳು ಗಂಟೆಗೆ ಹೋದರು. ಐದು ಗಂಟೆಗೆ ಉಳಿದದ್ದು ಹೊಸದಾಗಿ ಕಲಿಯುವವರ ಬಿಳಿ, ಹಳದಿ ಬೆಲ್ಟುಗಳು ಮಾತ್ರ. ತನಗಿಂತ ಎರಡು ಬೆಲ್ಟ್ ಮೇಲಿರುವವರ ನಿಲುವು ನೋಡಿಯೇ ಕಲಿಯುವ ವಿದ್ಯೆ ಇದು. ನೋಡಲು ಅಲ್ಲಿ ಯಾರೂ ಇರಲಿಲ್ಲ. ಹಿಡಿತದಿಂದ ಕೈ ಬಿಡಿಸಿಕೊಳ್ಳುವ ಪಾಠ ಎಲ್ಲರಿಗೂ ಬಂದಿದೆ ಎಂದೇ ನಂಬಿದ್ದೆ. ಒಂದು ಸಂಜೆ ದಪ್ಪ ಮೈಕಟ್ಟಿನ ಹಿರಿಯ ವಿದ್ಯಾರ್ಥಿಯೊಬ್ಬ ಬೇಗ ಬಂದಿದ್ದ. ಒಂಬತ್ತನೇ ತರಗತಿಯ ಹುಡುಗಿಯ ಮಣಿಕಟ್ಟು ಹಿಡಿಯಲು ಹೇಳಿದೆ. ಅವಳು ಕಲಿಸಿದಂತೆಯೇ ಅವನ ಹೆಬ್ಬೆರಳಿನ ಕಡೆಗೆ ಕೈ ಎಳೆದಳು, ಕೈ ಅಲುಗಲಿಲ್ಲ. ಹೆಜ್ಜೆ ಒಳಗಿಟ್ಟು, ಸೊಂಟ ತಿರುಗಿಸಿ, ಮೊಣಕೈಯನ್ನು ಅವನತ್ತ ನುಗ್ಗಿಸಬೇಕಿತ್ತು. ಗೆಳತಿಯರ ಹಗುರ ಹಿಡಿತಕ್ಕೆ ತೋಳಿನ ಬಲವೇ ಸಾಕಾಗುತ್ತಿದ್ದುದರಿಂದ ಸೊಂಟ ಬಳಸುವ ಅಗತ್ಯವೇ ಅವಳಿಗೆ ಬಿದ್ದಿರಲಿಲ್ಲ. ಆ ಅಗತ್ಯವನ್ನು ತಪ್ಪಿಸಿದವನು ನಾನು. ಸಾಲದೆಂಬಂತೆ ‘ಆತ್ಮರಕ್ಷಣೆ ಸಾಕು’ ಎಂದು ಮೂಲ ಹೊಡೆತ-ತಡೆಗಳ ಕಿಹೋನ್, ಕ್ರಮಬದ್ಧ ಚಲನೆಗಳ ಕತಾಗಳನ್ನೂ ಕಡಿಮೆ ಮಾಡಿದ್ದೆ. ಕೆಲವೇ ತಿಂಗಳಲ್ಲಿ ‘ಕಲಿತಾಯಿತಲ್ಲ’ ಎಂದು ಒಬ್ಬೊಬ್ಬರೇ ಬಿಟ್ಟರು. ಯಾರಿಗಾಗಿ ಬ್ಯಾಚ್ ಒಡೆದೆನೋ ಆ ಹುಡುಗರೂ ಕೆಲಸ ಹುಡುಕಿಕೊಂಡು ಬೆಂಗಳೂರು ಸೇರಿದರು.

ಜೂಡೋದಲ್ಲೂ ಹೀಗೆಯೇ ಆಗಿದೆ. ಜಪಾನಿನ ಮೂಲ ಜೂಡೋ ಶಾಲೆ ಕೊಡೊಕಾನ್ 1926ರಲ್ಲೇ ಮಹಿಳಾ ವಿಭಾಗ ತೆರೆದರೂ ಅವರನ್ನು ಬಹುಕಾಲ ಸ್ಪರ್ಧೆಯಿಂದ ದೂರವಿಟ್ಟಿತು. ಗಂಡಸರ ಜೂಡೋ 1964ರಲ್ಲಿ ಒಲಿಂಪಿಕ್ಸ್ ಸೇರಿದರೆ, ಮಹಿಳೆಯರು ಪದಕಕ್ಕೆ ಸೆಣಸಿದ್ದು 1992ರಲ್ಲಿ.

ಗಟ್ಟಿ ಅಭ್ಯಾಸವೆಂದರೆ ಯುವಕರ ಅಭ್ಯಾಸ ಎಂಬ ನಿಮ್ಮ ಲೆಕ್ಕವನ್ನೇ ನಾನು ಒಪ್ಪುವುದಿಲ್ಲ. ಎಲ್ಲರನ್ನೂ ಒಂದೇ ಸಾಲಿನಲ್ಲಿ ಬೆಲ್ಟ್ ಪ್ರಕಾರ ನಿಲ್ಲಿಸಿ. ಕುಮಿತೆಗೆ ತೂಕ ನೋಡಿ ಜೋಡಿ ಮಾಡಿ, ಎದೆಕವಚ ಕಡ್ಡಾಯ ಮಾಡಿ. ತೀರಾ ಚಿಕ್ಕ ಮಕ್ಕಳಿಗೆ ಮಾತ್ರ ಬೇರೆ ಹೊತ್ತು ಇರಲಿ. ಹದಿಮೂರು, ಹದಿನಾಲ್ಕರ ಹುಡುಗಿಯರು ಏಕೆ ಬಿಡುತ್ತಾರೆಂದು ಟ್ಯೂಷನ್ ಮೇಲೆ ಗೂಬೆ ಕೂರಿಸುವ ಮುನ್ನ ಅವರ ಬಿಳಿ ಪ್ಯಾಂಟಿನ ಬಗ್ಗೆ ಯೋಚಿಸಿ. ಮುಟ್ಟಿನ ದಿನಗಳಲ್ಲಿ ಅದನ್ನು ಹಾಕಿಕೊಂಡು ಕಾಲು ಎತ್ತಲು ಯಾವ ಹುಡುಗಿಗೆ ಧೈರ್ಯ ಬರುತ್ತದೆ? ನಾನು ಅಭ್ಯಾಸಕ್ಕೆ ಕಪ್ಪು ಪ್ಯಾಂಟ್ ಒಪ್ಪಿದ ಮೇಲೆ, ಎಂಟನೇ ತರಗತಿ ದಾಟಿದ ಹುಡುಗಿಯರು ಉಳಿಯತೊಡಗಿದರು.

ಬೆಂಚಿನ ಮೇಲೆ ಕಾಯುವ ತಾಯಂದಿರನ್ನೂ ಕರೆಯಿರಿ. ‘ಈ ವಯಸ್ಸಿನಲ್ಲಿ ನಮಗೇಕೆ ಸರ್’ ಎನ್ನುತ್ತಾರೆ. ಕೇರಳದ ವಡಗರದ ಮೀನಾಕ್ಷಿ ಗುರುಕ್ಕಳ್ ಎಪ್ಪತ್ತು ದಾಟಿಯೂ ಕಳರಿ ಸಮರಕಲೆ ಕಲಿಸುತ್ತಿದ್ದರು, 2017ರಲ್ಲಿ ಪದ್ಮಶ್ರೀ ಪಡೆದರು ಎಂದು ಹೇಳಿ. ಮೊದಲ ತಿಂಗಳು ಆ ತಾಯಂದಿರಿಂದ ಶುಲ್ಕ ತೆಗೆದುಕೊಳ್ಳಬೇಡಿ.