ಸೂಜಿ ಚುಚ್ಚಿತು, ಡಾಕ್ಟರಿಗೆ ಹೇಳಲೋ ಬೇಡವೋ?

ಪ್ರಶ್ನೆ: ನಾನು ಒಂದು ಕ್ಲಿನಿಕ್‌ನಲ್ಲಿ ಎರಡು ವರ್ಷದಿಂದ ಅಸಿಸ್ಟೆಂಟ್. ಹೋದ ಸೋಮವಾರ ಇಂಜೆಕ್ಷನ್ ಕೊಟ್ಟ ಮೇಲೆ ಸೂಜಿಗೆ ಕ್ಯಾಪ್ ಹಾಕುವಾಗ ಎಡಗೈ ಹೆಬ್ಬೆರಳಿಗೆ ಚುಚ್ಚಿತು. ರಕ್ತ ಹಿಂಡಿ ಡೆಟಾಲ್ ಹಚ್ಚಿಕೊಂಡೆ. ಡಾಕ್ಟರ್ ಬೈತಾರೆ ಅಂತ ಹೇಳಲಿಲ್ಲ. ರಾತ್ರಿ ನಿದ್ದೆ ಬರುತ್ತಿಲ್ಲ ಸಿಸ್ಟರ್, ಏನು ಮಾಡಲಿ?
– ಹೆಸರು ಬೇಡ, ಹಾಸನ ಜಿಲ್ಲೆ

ಉತ್ತರ: ನೋಡಮ್ಮಾ, ನಿನ್ನ ಪತ್ರ ನನಗೆ ಸಿಗುವಷ್ಟರಲ್ಲಿ ಒಂಬತ್ತು ದಿನ ಆಗಿತ್ತು. ಫೋನ್ ನಂಬರ್ ಬರೆದಿದ್ದರೆ ಅವತ್ತೇ ಮಾತಾಡುತ್ತಿದ್ದೆ. ಎಚ್‌ಐವಿ ತಡೆಯುವ ಮಾತ್ರೆ 72 ಗಂಟೆಯೊಳಗೆ ಶುರುವಾಗಬೇಕು, ಎರಡು ಗಂಟೆಯೊಳಗಾದರೆ ಇನ್ನೂ ಒಳ್ಳೆಯದು. 28 ದಿನ ನುಂಗಬೇಕು. ಆ ಹೊತ್ತು ಮೀರಿಹೋಯಿತು. ಹಾಗಂತ ಕಂಗಾಲಾಗಬೇಡ. ರೋಗಿಗೆ ಎಚ್‌ಐವಿ ಇದ್ದರೂ ಸೂಜಿ ಚುಚ್ಚಿದ ಸಾವಿರ ಜನರಲ್ಲಿ ಸುಮಾರು ಮೂವರಿಗೆ ಮಾತ್ರ ಅಂಟುತ್ತದೆ. ನನಗೆ ಜಾಸ್ತಿ ಚಿಂತೆ ಲಿವರ್‌ಗೆ ಬರುವ ಸೋಂಕು ಹೆಪಟೈಟಿಸ್ ಬಿ ಬಗ್ಗೆ. ರೋಗಿಗೆ ಅದಿದ್ದರೆ, ಲಸಿಕೆ ಇಲ್ಲದವರಲ್ಲಿ ನೂರಕ್ಕೆ ಮೂವತ್ತು ಜನರವರೆಗೂ ಅಂಟಬಹುದು.

ಇದನ್ನು ಓದಿದ ಮಾರನೇ ದಿನವೇ ತಾಲ್ಲೂಕು ಆಸ್ಪತ್ರೆಯ ಐಸಿಟಿಸಿಗೆ, ಅಂದರೆ ಎಚ್‌ಐವಿ ಸಲಹೆ ಮತ್ತು ಪರೀಕ್ಷೆಯ ಕೇಂದ್ರಕ್ಕೆ ಹೋಗು. ಎಚ್‌ಐವಿ ಪರೀಕ್ಷೆ ಅಲ್ಲಿ ಉಚಿತ, ಗುಟ್ಟಾಗಿಯೂ ಇಡುತ್ತಾರೆ. ಚುಚ್ಚಿದ ದಿನದಿಂದ ಲೆಕ್ಕ ಹಾಕಿ ಆರು ವಾರಕ್ಕೆ, ಮೂರು ತಿಂಗಳಿಗೆ, ಆರು ತಿಂಗಳಿಗೆ ಮತ್ತೆ ಹೋಗು. ಹೆಪಟೈಟಿಸ್ ಬಿ, ಸಿ ಎರಡಕ್ಕೂ ರಕ್ತ ಕೊಡು. ರಿಪೋರ್ಟ್ ಎಲ್ಲ ಸರಿ ಬರುವವರೆಗೆ ರಕ್ತದಾನ ಬೇಡ. ಮದುವೆಯಾಗಿದ್ದರೆ ಕಾಂಡೋಮ್ ಇರಲಿ. ಹೆಪಟೈಟಿಸ್ ಬಿ ಲಸಿಕೆ ಆಗಿಲ್ಲದಿದ್ದರೆ ಈಗಲೇ ಮೊದಲ ಡೋಸ್ ಹಾಕಿಸಿಕೋ. ಎರಡನೆಯದು ತಿಂಗಳಿಗೆ, ಮೂರನೆಯದು ಆರನೇ ತಿಂಗಳಿಗೆ. ಆ ದುಡ್ಡು ನಿನ್ನ ಸಂಬಳದಿಂದಲ್ಲ! 2016ರ ವೈದ್ಯಕೀಯ ತ್ಯಾಜ್ಯ ನಿಯಮದಲ್ಲಿ ಕೆಲಸದವರಿಗೆ ಹೆಪಟೈಟಿಸ್ ಬಿ, ಧನುರ್ವಾಯು ಲಸಿಕೆ ಹಾಕಿಸುವುದು ಕ್ಲಿನಿಕ್ ನಡೆಸುವವರ ಹೊಣೆ ಅಂತಲೇ ಇದೆ.

ಹಿಂಡಿದ್ದು ತಪ್ಪು. ನಾನೇನು ಕಮ್ಮಿಯಿಲ್ಲ, ಕೆಲಸಕ್ಕೆ ಸೇರಿದ ಹೊಸತರಲ್ಲಿ ರಾತ್ರಿ ಪಾಳಿಯಲ್ಲಿ ಚುಚ್ಚಿಸಿಕೊಂಡು ಬೆರಳನ್ನು ಬಾಯಿಗಿಟ್ಟು ಚೀಪಿದ್ದೆ. ನೆನೆಸಿಕೊಂಡರೆ ಈಗಲೂ ಮೈ ಜುಮ್ಮೆನ್ನುತ್ತದೆ. ಹಿಂಡೋದೂ ಬೇಡ, ಚೀಪೋದೂ ಬೇಡ, ಡೆಟಾಲೂ ಬೇಡ. ನಲ್ಲಿ ನೀರು ಬಿಟ್ಟು ಸೋಪು ಹಾಕಿ ತೊಳೆದರೆ ಸಾಕು. ಕೂಡಲೇ ಡಾಕ್ಟರಿಗೆ ಹೇಳಬೇಕು. ಈಗಲೂ ಹೇಳು. ಬೈದರೆ ಬೈಸಿಕೋ. ಅವತ್ತಿನ ರೋಗಿಯನ್ನು ಕರೆಸಿ, ಒಪ್ಪಿಸಿ, ರಕ್ತ ಪರೀಕ್ಷೆ ಮಾಡಿಸುವುದು ಅವರ ಕೈಯಲ್ಲೇ ಆಗುವ ಕೆಲಸ.

ಇನ್ನು ಆ ಕ್ಯಾಪ್ ವಿಷಯ. ಚುಚ್ಚುವುದು ಕ್ಯಾಪ್ ಹಿಡಿದ ಕೈಗೇ. ನಿನ್ನದೂ ಎಡಗೈ ಅಲ್ವಾ? ಬಳಸಿದ ಸೂಜಿಗೆ ಕ್ಯಾಪ್ ಹಾಕಲೇಬೇಡ. ಸೀದಾ ಸೂಜಿ ಕತ್ತರಿಸುವ ಕಟರ್‌ಗೆ ಹಾಕು. ತುಂಡಾದ ಸೂಜಿ ಬಿಳಿ ಡಬ್ಬಕ್ಕೆ, ಸಿರಿಂಜು ಕೆಂಪು ಚೀಲಕ್ಕೆ, ರಕ್ತದ ಹತ್ತಿ ಹಳದಿಗೆ. ಎಷ್ಟೋ ಕಡೆ ನೋಡಿದ್ದೇನೆ, ಕಟರ್ ಸಿಂಕ್ ಕೆಳಗೆ ಧೂಳು ತಿನ್ನುತ್ತಾ ಕೂತಿರುತ್ತದೆ. ನಾಲ್ಕು ಹೆಜ್ಜೆ ನಡೆಯಬೇಕು ಅಂದರೆ ಎಂಥವರೂ ಕ್ಯಾಪ್ ಹಾಕಿಯೇ ಹಾಕುತ್ತಾರೆ. ಅದನ್ನು ಇಂಜೆಕ್ಷನ್ ಟ್ರೇ ಪಕ್ಕಕ್ಕೇ ತಂದಿಡು. ಡಬ್ಬ ಮುಕ್ಕಾಲು ತುಂಬಿದರೆ ಮುಚ್ಚಿಬಿಡು. ಒತ್ತಿ ಒತ್ತಿ ತುಂಬಿದ ಡಬ್ಬದ ಸೂಜಿ ಚುಚ್ಚುವುದು ಕಸ ಎತ್ತುವ ಆಯಾಗೆ. ಅವರಿಗೆ ಲಸಿಕೆ ಆಗಿದೆಯಾ ಅಂತಲೂ ಒಂದು ಮಾತು ಕೇಳು.